ಮೊದಲು ಯಾವ ಹಳ್ಳ? ಮಲೆನಾಡಿನ ನಕ್ಷೆಗಳು ನಡೆದುಬಂದ ದಾರಿ



ಮೂಡಿಗೆರೆ ಸೀಮೆಯ ಬಲ್ಲಾಳರಾಯನ ದುರ್ಗದ ಗುಡ್ಡಸಾಲನ್ನು ನೀವೆಲ್ಲ ಬಲ್ಲಿರಿ. ಮಳೆಗಾಲದಲ್ಲಿ ಆ ಸಾಲಿನ ನೆತ್ತಿಗೆ ಬಿದ್ದ ನೀರು ಎತ್ತ ಹೋಗುತ್ತದೆ, ಯೋಚಿಸಿ ನೋಡಿ. ಪಡುವಣಕ್ಕೆ ಜಾರಿದ ಹನಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಬಳಿ ಕಡಲು ಕಾಣುತ್ತದೆ. ಮೂಡಣಕ್ಕೆ ಜಾರಿದ್ದು ಜಾವಳಿಯಲ್ಲಿ ಹುಟ್ಟುವ ಹೇಮಾವತಿಯ ಪಾಲು. ಅದು ಗೊರೂರು ದಾಟಿ ಕಾವೇರಿಯನ್ನು ಕೂಡುತ್ತದೆ. ಬಡಗಣಕ್ಕೆ ಇಳಿದದ್ದು ಭದ್ರೆಯ ಕೈಗೆ ಸಿಕ್ಕಿ, ಬಾಳೆಹೊನ್ನೂರು, ಲಕ್ಕವಳ್ಳಿ ಹಾದು, ತುಂಗಭದ್ರೆಯಾಗಿ ಕೃಷ್ಣೆಗೆ ಹೋಗುತ್ತದೆ. ಒಂದೇ ಮೋಡದ ನೀರು, ಮೂರು ಹಾದಿ!

ಈ ಮೂರು ಹಾದಿಗಳನ್ನು ಬೇರೆ ಮಾಡಿದವರು ಯಾರು? ಸರ್ಕಾರವೂ ಅಲ್ಲ, ಶಾನುಭೋಗರೂ ಅಲ್ಲ. ಗುಡ್ಡದ ದಿಣ್ಣೆ. ಊರಿನ ಎಲ್ಲೆಯನ್ನು ಮನುಷ್ಯ ಬರೆದ. ನೀರಿನ ಎಲ್ಲೆಯನ್ನು ಗುಡ್ಡವೇ ಬರೆದಿದೆ. ಒಂದು ಹಳ್ಳಕ್ಕೆ ಎಲ್ಲೆಲ್ಲಿಂದ ನೀರು ಇಳಿದು ಬರುತ್ತದೆಯೋ ಅಷ್ಟು ನೆಲಕ್ಕೆ ಜಲಾನಯನ ಪ್ರದೇಶ ಎನ್ನುತ್ತಾರೆ. ದೊಡ್ಡ ಹೊಳೆಗೆ ದೊಡ್ಡ ಜಲಾನಯನ. ನಿಮ್ಮ ಗದ್ದೆಯ ಪಕ್ಕದ ಹಳ್ಳಕ್ಕೆ ಸಣ್ಣ ಜಲಾನಯನ. ದೊಡ್ಡದರೊಳಗೆ ಸಣ್ಣವು ನೂರಾರು.

ಮಣ್ಣು ಉಳಿಸುವ ಕೆಲಸ ಈ ಎಲ್ಲೆಯನ್ನು ಹಿಡಿದೇ ನಡೆಯಬೇಕು. ಆದರೆ ಹಳ್ಳಗಳು ನೂರಾರು. ಹಣ, ಕೈ, ಕಾಲ ಮಾತ್ರ ಕೊಂಚ. ಹಾಗಾದರೆ ಮೊದಲು ಯಾವ ಹಳ್ಳ, ಆಮೇಲೆ ಯಾವುದು? ಈ ಸರದಿಯನ್ನು ಗೊತ್ತುಮಾಡುವ ವಿದ್ಯೆ ಹೇಗೆ ಬೆಳೆಯಿತು, ಅದರಿಂದ ನಮ್ಮ ಕಾಫಿ ಗುಡ್ಡಗಳಿಗೆ ಏನು ಪ್ರಯೋಜನ ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ಹಳೆಯ ಕಾಲದಿಂದಲೇ ಹೊರಡೋಣ. ಟಿಪ್ಪು ಸುಲ್ತಾನ 1799ರಲ್ಲಿ ಮಡಿದ ಮೇಲೆ ಇಂಗ್ಲಿಷರು ಮೈಸೂರು ಸೀಮೆಯನ್ನು ಅಳೆಯಲು ಹೊರಟರು. ಕರ್ನಲ್ ಮೆಕೆಂಜಿ ಸಾಹೇಬ ಸುಮಾರು 10 ವರ್ಷ ಊರೂರು ತಿರುಗಿಸಿ ನಕ್ಷೆ ಬರೆಸಿದ. ಲ್ಯಾಂಬ್ಟನ್ ಎಂಬಾತ 1800ರಲ್ಲಿ ಬೆಂಗಳೂರಿನ ಹತ್ತಿರ ಉಕ್ಕಿನ ಸರಪಣಿ ಎಳೆದು ಒಂದು ನೇರ ಗೆರೆಯನ್ನು ಅಳೆದ. ಅನಂತರ ಗುಡ್ಡದಿಂದ ಗುಡ್ಡಕ್ಕೆ ಕೋನ ಹಿಡಿಯುತ್ತ ಮದರಾಸಿನಿಂದ ಮಂಗಳೂರಿನ ಕಡಲಿನವರೆಗೆ ನಾಡನ್ನು ತ್ರಿಕೋಣಗಳಿಂದ ಹೆಣೆದ. ಅಲ್ಲಿಯವರೆಗೆ ಈ ಅಗಲ 400 ಮೈಲಿ ಎಂದು ನಂಬಿದ್ದರು; ಅಳೆದು ನೋಡಿದರೆ 360 ಮೈಲಿ! ನಕ್ಷೆಯಲ್ಲಿದ್ದ 40 ಮೈಲಿ ನಾಡು ನೆಲದ ಮೇಲೆ ಇರಲೇ ಇಲ್ಲ. ಕಣ್ಣಂದಾಜಿಗೂ ಅಳತೆಗೂ ಎಷ್ಟು ಅಂತರ ನೋಡಿ.

ಆ ನಕ್ಷೆಗಳನ್ನು ಬರೆಸಿದ್ದು ದಂಡು ನಡೆಸುವುದಕ್ಕೆ, ನಾಡು ಆಳುವುದಕ್ಕೆ. ಆಮೇಲೆ 1863ರಲ್ಲಿ ಮೈಸೂರಿನಲ್ಲಿ ಕಂದಾಯದ ಸರ್ವೆ ಶುರುವಾಯಿತು. ಸರ್ವೆ ನಂಬರು, ಕಲ್ಲು, ಬಾಂದು, ಗ್ರಾಮ ನಕ್ಷೆ ಇವೆಲ್ಲ ನಮಗೆ ಬಂದದ್ದು ಆ ದಾರಿಯಿಂದ. ಈ ಹಿಡುವಳಿ ಯಾರದು, ಕಂದಾಯ ಎಷ್ಟು ಎಂದು ಕೇಳಿದರೆ ಗ್ರಾಮ ನಕ್ಷೆ ತಟ್ಟನೆ ಉತ್ತರ ಕೊಡುತ್ತದೆ. ಇಳಿಜಾರು ಎಷ್ಟು, ಮಣ್ಣು ಎತ್ತ ಹರಿಯುತ್ತದೆ ಎಂದು ಕೇಳಿದರೆ ಸುಮ್ಮನಿರುತ್ತದೆ. ಏರುತಗ್ಗು ತೋರುವ ಗೆರೆಗಳು ಸರ್ವೆ ಆಫ್ ಇಂಡಿಯಾದ ಬೇರೆ ನಕ್ಷೆಯಲ್ಲಿ ಇರುತ್ತವೆ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಗುಡ್ಡ. ದೂರ ದೂರ ಇದ್ದರೆ ಬಯಲು. ಒಂದರಲ್ಲಿ ಒಡೆತನ, ಇನ್ನೊಂದರಲ್ಲಿ ಆಕಾರ. ಇವೆರಡೂ ಬಹುಕಾಲ ಬೇರೆ ಬೇರೆ ಕಚೇರಿಯ ಪೆಟ್ಟಿಗೆಗಳಲ್ಲೇ ಮಲಗಿದ್ದವು.

ಇದರಿಂದ ಒಂದು ಮಾತು ತಿಳಿಯುತ್ತದೆ. ನಕ್ಷೆ ಬರೆಸಿದವನ ಪ್ರಶ್ನೆಗೆ ನಕ್ಷೆ ಉತ್ತರ ಹೇಳುತ್ತದೆ; ಕೇಳದ ಪ್ರಶ್ನೆಗೆ ಹೇಳುವುದಿಲ್ಲ. ಈ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಣ್ಣು ಎತ್ತ ಹೋಗುತ್ತದೆ ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವಂತೆ ಮಾಡಿದ್ದು ದೊಡ್ಡ ಅಣೆಕಟ್ಟುಗಳು. ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಲ್ಲಿಸಿದಾಗ ಅದರ ಹೊಟ್ಟೆಯಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. 2016ರ ಅಳತೆಯಲ್ಲಿ ಉಳಿದದ್ದು ಸುಮಾರು 105.8 ಟಿಎಂಸಿ. ಮಿಕ್ಕದ್ದನ್ನು ಹೂಳು ನುಂಗಿತು. ಹೂಳು ನುಂಗಿದ ಜಾಗ ನಮ್ಮ ಲಕ್ಕವಳ್ಳಿಯ ಭದ್ರಾ ಜಲಾಶಯದ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು! ಅಷ್ಟೂ ಹೂಳು ನಮ್ಮ ಮಲೆನಾಡಿನದೇ ಎಂದು ಯಾರೂ ಹೇಳುವುದಿಲ್ಲ. ಕೆಳಗಿನ ಬಯಲು ಹೊಲಗಳ ಮಣ್ಣೂ ಅದರಲ್ಲಿ ಬಹಳ ಉಂಟು. ಆದರೆ ಹೂಳು ಎಂದರೆ ಯಾರದೋ ಹೊಲದ, ಯಾರದೋ ತೋಟದ ಮೇಲ್ಮಣ್ಣೇ ಅಲ್ಲವೆ? ಅಣೆಕಟ್ಟಿನವರಿಗೆ ಅದು ಹೂಳು, ಕಳೆದುಕೊಂಡ ರೈತನಿಗೆ ಅದೇ ಗೊಬ್ಬರ.

ಅಣೆಕಟ್ಟು ಉಳಿಯಬೇಕಾದರೆ ಮೇಲಿನ ನೆಲ ಉಳಿಯಬೇಕು ಎಂದು ಸರ್ಕಾರಕ್ಕೆ ಮನವರಿಕೆಯಾಯಿತು. ಮೂರನೆಯ ಪಂಚವಾರ್ಷಿಕ ಯೋಜನೆಯಲ್ಲಿ, 1961ರ ಹೊತ್ತಿಗೆ, ನದಿ ಕಣಿವೆಗಳ ಮೇಲ್ಭಾಗದಲ್ಲಿ ಮಣ್ಣು ಸಂರಕ್ಷಣೆಯ ಕೆಲಸ ಹಿಡಿದರು. ತುಂಗಭದ್ರೆಯ ಕಣಿವೆಯೂ ಅದರೊಳಗೆ ಸೇರಿತು. ಆದರೆ ಕಣಿವೆ ಎಂದರೆ ಸಾವಿರಾರು ಚದರ ಮೈಲಿ. ಎಲ್ಲ ಕಡೆಯೂ ಒಂದೊಂದು ಹಿಡಿ ಕೆಲಸ ಚೆಲ್ಲಿದರೆ ಎಲ್ಲಿಯೂ ಫಲ ಕಾಣುವುದಿಲ್ಲ. ಇದಕ್ಕಾಗಿ, 1958ರಲ್ಲಿ ಆರಂಭವಾಗಿದ್ದ ಅಖಿಲ ಭಾರತ ಮಣ್ಣು ಮತ್ತು ಭೂ ಬಳಕೆ ಸರ್ವೆಯ ತಜ್ಞರು 1969ರ ಸುಮಾರಿಗೆ ಒಂದು ಲೆಕ್ಕ ಕಟ್ಟಿದರು. ಯಾವ ತುಂಡು ನೆಲದಿಂದ ಎಷ್ಟು ಮಣ್ಣು ಕೊಚ್ಚಬಹುದು, ಕೊಚ್ಚಿದ್ದರಲ್ಲಿ ಎಷ್ಟು ಜಲಾಶಯ ಮುಟ್ಟಬಹುದು ಎಂದು ನೋಡಿ, ಪ್ರತಿ ಸಣ್ಣ ಜಲಾನಯನಕ್ಕೂ ಅಂಕ ಹಾಕುವ ಲೆಕ್ಕ ಅದು. ಅಂಕ ನೋಡಿ ಬಹಳ ಹೆಚ್ಚು, ಹೆಚ್ಚು, ಮಧ್ಯಮ, ಕಡಿಮೆ, ಬಹಳ ಕಡಿಮೆ ಎಂದು 5 ತರಗತಿ ಮಾಡುತ್ತಿದ್ದರು. ಸರದಿ ಹಚ್ಚುವ ಕೆಲಸ ಶುರುವಾದದ್ದು ಹೀಗೆ.

ಈ ಅಂಕ ಹಾಕಲು ನೆಲ ನೋಡಬೇಕಲ್ಲ? ಆಗ ವಿಮಾನದಿಂದ ತೆಗೆದ ಚಿತ್ರಗಳನ್ನು ಹಿಡಿದು, ಜೀಪಿನಲ್ಲಿ, ಕಾಲುನಡಿಗೆಯಲ್ಲಿ ತಿರುಗುತ್ತಿದ್ದರು. ಮಲೆನಾಡಿನಲ್ಲಿ ಅದೆಷ್ಟು ಕಷ್ಟ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಕಷ್ಟವನ್ನು ಕಡಿಮೆ ಮಾಡಿದ್ದು ದೂರಸಂವೇದಿ ವಿದ್ಯೆ, ಅಂದರೆ ಮುಟ್ಟದೆ, ದೂರದಿಂದಲೇ ನೋಡಿ ತಿಳಿಯುವ ವಿದ್ಯೆ.

ನಮ್ಮ ದೇಶದಲ್ಲಿ ಅದರ ಮೊದಲ ಪ್ರಯೋಗ ನಡೆದದ್ದು ಒಂದು ಬೆಳೆಯ ಮೇಲೆಯೇ ಎಂದರೆ ನಿಮಗೆ ಸಂತೋಷವಾದೀತು. 1970ರ ಸುಮಾರಿಗೆ ಪಿಷಾರೋಟಿ ಎಂಬ ವಿಜ್ಞಾನಿಯ ತಂಡದವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಿ, ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕನ್ನು ಹಿಡಿಯುವ ಫಿಲಂನಿಂದ ಚಿತ್ರ ತೆಗೆದರು. ಬೇರು ರೋಗ ಬಂದ ಮರ ಒಂದು ಬಣ್ಣ, ಆರೋಗ್ಯದ ಮರ ಇನ್ನೊಂದು ಬಣ್ಣ! ಹಸಿರಾದ ಎಲೆ ಆ ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಎಸೆಯುತ್ತದೆ; ಬೋಳು ಮಣ್ಣಿನದು ಬೇರೆ ರೀತಿ; ನೀರು ಅದನ್ನು ನುಂಗಿಬಿಡುತ್ತದೆ. ಬೋಳು ನೆಲ ಯಾವುದು, ಹಸಿರು ಹೊದಿಕೆ ಯಾವುದು ಎಂದು ಮೇಲಿನಿಂದ ತಿಳಿಯುವುದು ಈ ಗುಟ್ಟಿನಿಂದ.

ಅಮೆರಿಕದವರು 1972ರಲ್ಲಿ ಇಂಥದೊಂದು ಕಣ್ಣನ್ನು ಉಪಗ್ರಹದಲ್ಲಿಟ್ಟು ಆಕಾಶಕ್ಕೆ ಕಳುಹಿಸಿದರು. ನಮ್ಮದೇ ಆದ ಐಆರ್‌ಎಸ್-1ಎ ಎಂಬ ಉಪಗ್ರಹ 1988ರ ಮಾರ್ಚ್ 17ರಂದು ಸೋವಿಯತ್ ದೇಶದ ಬೈಕನೂರಿನಿಂದ ಹಾರಿತು. ಆಗ ಇಸ್ರೋ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು. ಉಪಗ್ರಹದ ಚಿತ್ರಗಳನ್ನು ನಮ್ಮ ನಾಡಿನ ಕೆಲಸಕ್ಕೆ ಬಳಸಲೆಂದು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು 1986ರಲ್ಲೇ ಬೆಂಗಳೂರಿನಲ್ಲಿ ತೆರೆದಿತ್ತು.

ಆ ಮೊದಲ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ, ಅತಿ ಸ್ಪಷ್ಟವಾದದ್ದರಲ್ಲೂ, ನೆಲದ ಮೇಲೆ ಸುಮಾರು 13 ಗುಂಟೆ. ಗುಡ್ಡ, ಕೆರೆ, ಕಾಡು ಗೊತ್ತಾಗುತ್ತಿತ್ತು. ನಿಮ್ಮ ಅರ್ಧ ಎಕರೆ ಮಕ್ಕಿ ಗದ್ದೆ ಎರಡು ಚುಕ್ಕೆಯೂ ಆಗುತ್ತಿರಲಿಲ್ಲ. 2005ರ ಮೇ 5ರಂದು ಹಾರಿದ ಕಾರ್ಟೋಸ್ಯಾಟ್-1 ಬಂದ ಮೇಲೆ ಒಂದು ಚುಕ್ಕೆ ಎರಡೂವರೆ ಮೀಟರಿಗೆ ಇಳಿಯಿತು. ಅದಕ್ಕೆ ಎರಡು ಕಣ್ಣುಗಳಿದ್ದವು. ಒಂದು ಮುಂದಕ್ಕೆ, ಒಂದು ಹಿಂದಕ್ಕೆ ನೋಡುತ್ತಿತ್ತು. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ, ದೂರ ಹತ್ತಿರ ತಿಳಿಯುವುದಿಲ್ಲ. ಎರಡೂ ಕಣ್ಣು ತೆರೆದರೆ ತಿಳಿಯುತ್ತದೆ. ಹಾಗೆಯೇ ಎರಡು ಚಿತ್ರ ಜೋಡಿಸಿದರೆ ಗುಡ್ಡದ ಎತ್ತರ, ಇಳಿಜಾರು, ಹಳ್ಳದ ಕವಲು ಎಲ್ಲ ಲೆಕ್ಕಕ್ಕೆ ಸಿಗುತ್ತವೆ.

ಇನ್ನು ಸರದಿ ಹಚ್ಚುವುದು ಹೇಗೆ? ಶಾಲೆಯಲ್ಲಿ ಮಕ್ಕಳಿಗೆ ವಿಷಯಕ್ಕೊಂದರಂತೆ ಅಂಕ ಕೊಟ್ಟು ಕೂಡುವುದಿಲ್ಲವೇ, ಹಾಗೆ. ಇಳಿಜಾರು ಒಂದು ವಿಷಯ, ಮಣ್ಣಿನ ಗುಣ ಒಂದು, ಮೇಲಿನ ಹಸಿರು ಹೊದಿಕೆ ಒಂದು, ಮಳೆಯ ರಭಸ ಒಂದು, ಹಳ್ಳದ ಕವಲುಗಳು ಎಷ್ಟು ಒತ್ತಾಗಿವೆ ಎಂಬುದು ಇನ್ನೊಂದು. ಒಂದೊಂದಕ್ಕೂ ಒಂದೊಂದು ನಕ್ಷೆ. ಕಂಪ್ಯೂಟರಿನಲ್ಲಿ ಇವುಗಳನ್ನು ಒಂದರ ಮೇಲೊಂದು ಹಾಸುತ್ತಾರೆ. ಗಾಜಿನ ಮೇಲೆ ಬರೆದ ಚಿತ್ರಗಳನ್ನು ಪೇರಿಸಿ ಬೆಳಕಿಗೆ ಹಿಡಿದ ಹಾಗೆ. ಎಲ್ಲ ವಿಷಯದಲ್ಲೂ ಕೇಡಿನ ಅಂಕ ಹೆಚ್ಚು ಬಂದ ಹಳ್ಳಕ್ಕೆ ಮೊದಲ ಸರದಿ.

ಒಂದು ಉದಾಹರಣೆ ಕೊಡುತ್ತೇನೆ. ಎರಡು ಹಳ್ಳಗಳಿವೆ ಎನ್ನಿ. ಒಂದು ಬಹಳ ಕಡಿದು. ಆದರೆ ಮೇಲೆಲ್ಲ ಕಾನು ದಟ್ಟವಾಗಿದೆ, ತರಗೆಲೆ ಮೊಣಕಾಲುದ್ದ ಬಿದ್ದಿದೆ. ಇನ್ನೊಂದರ ಇಳಿಜಾರು ಅಷ್ಟಿಲ್ಲ. ಆದರೆ ನೆತ್ತಿಯ ಮರ ಕಡಿದಿದ್ದಾರೆ, ರಸ್ತೆಗೆಂದು ಧರೆ ಕೊರೆದಿದ್ದಾರೆ, ಮಣ್ಣು ಬೆತ್ತಲೆ. ನೋಡಿದವರು ಕಡಿದಾದ ಹಳ್ಳಕ್ಕೇ ಹೆದರುತ್ತಾರೆ. ಲೆಕ್ಕ ಹಾಕಿದರೆ ಎರಡನೆಯದಕ್ಕೇ ಮೊದಲ ಸರದಿ ಬರಬಹುದು. ತಿಳೀತಲ್ಲ? ಇಳಿಜಾರೊಂದೇ ಕೇಡಲ್ಲ, ಹೊದಿಕೆ ಇಲ್ಲದ ಇಳಿಜಾರು ಕೇಡು.

ನಮ್ಮ ರಾಜ್ಯದಲ್ಲಿ ಇದನ್ನು ದೊಡ್ಡದಾಗಿ ಬಳಸಿದ್ದು ಸುಜಲ ಯೋಜನೆಯಲ್ಲಿ. 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಈ 5 ಜಿಲ್ಲೆಗಳಲ್ಲಿ ಉಪಗ್ರಹದ ಚಿತ್ರ ಹಿಡಿದು ಜಲಾನಯನಗಳನ್ನು ಆರಿಸಿದರು. ಕೆಲಸ ಆದ ಮೇಲೆ ಹಸಿರು ಹೆಚ್ಚಿತೋ ಇಲ್ಲವೋ ಎಂಬುದನ್ನೂ ಚಿತ್ರದಲ್ಲೇ ಪರೀಕ್ಷಿಸಿದರು. 2012ರ ನಂತರದ ಮೂರನೆಯ ಹಂತದ 11 ಜಿಲ್ಲೆಗಳಲ್ಲಿ ನಮ್ಮ ಚಿಕ್ಕಮಗಳೂರೂ ಸೇರಿತು. ಆಗ ಒಂದು ಒಳ್ಳೆಯ ಕೆಲಸವಾಯಿತು. 1 ಇಂಚಿಗೆ 660 ಅಡಿ ಲೆಕ್ಕದ ಹಳೆಯ ಗ್ರಾಮ ನಕ್ಷೆಯನ್ನೇ ಕೆಳಗೆ ಹಾಸಿ, ಅದರ ಮೇಲೆ ಉಪಗ್ರಹದ ಚಿತ್ರ ಇಟ್ಟು, ಮಣ್ಣು ಅಗೆದು ಪರೀಕ್ಷಿಸಿ, ಸರ್ವೆ ನಂಬರಿನವರೆಗೆ ಮಣ್ಣಿನ ವಿವರ ಬರೆದರು. ಬೇರೆ ಬೇರೆ ಪೆಟ್ಟಿಗೆಯಲ್ಲಿ ಮಲಗಿದ್ದ ಒಡೆತನದ ನಕ್ಷೆ, ಆಕಾರದ ನಕ್ಷೆ ಒಂದೇ ಹಾಳೆಗೆ ಬಂದವು.

ಸರಿ, ನಮ್ಮ ಕಾಫಿ ಗುಡ್ಡಗಳಿಗೆ ಬರೋಣ. ಎಲ್ಲ ನೆಲವೂ ಒಂದೇ ಸಮನೆ ಮಣ್ಣು ಕಳೆಯುವುದಿಲ್ಲ ಎಂಬುದಕ್ಕೆ ಭದ್ರೆಯ ಮೇಲ್ಭಾಗವೇ ಸಾಕ್ಷಿ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಕಾಲದಲ್ಲಿ ವಿಜ್ಞಾನಿಗಳು ಮಳೆಗಾಲದ ಭದ್ರೆಯ ನೀರು ಹಿಡಿದು ಕೆಸರು ಅಳೆದರು. ಅವರ ಅಧ್ಯಯನ 2006ರಲ್ಲಿ ಅಚ್ಚಾಯಿತು. ಜಲಾನಯನದ ವಿಸ್ತಾರದಲ್ಲಿ ಬಹು ಸಣ್ಣ ಪಾಲಾದ ಗಣಿ ಪ್ರದೇಶದಿಂದ ಹೊಳೆಯ ಕೆಸರಿನ ಬಹು ದೊಡ್ಡ ಪಾಲು ಬರುತ್ತಿದೆ ಎಂದು ಅದು ತೋರಿಸಿತು. ಸರದಿ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ. ಗಾಯ ಎಲ್ಲಿದೆಯೋ ಅಲ್ಲಿ ಮದ್ದು ಹಚ್ಚಬೇಕು. ಮೈಗೆಲ್ಲ ಸವರಿದರೆ ಗಾಯ ಮಾಯುವುದಿಲ್ಲ.

ಇನ್ನೊಂದು ಪಾಠ ಕಹಿಯಾದದ್ದು. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿಯ ಕಡೆ ಗುಡ್ಡಗಳು ಜರಿದು ಬಂದದ್ದನ್ನು, ಚಾರ್ಮಾಡಿ ಘಾಟಿಯ ರಸ್ತೆ ಕುಸಿದದ್ದನ್ನು ನೀವು ಮರೆತಿಲ್ಲ. ಮನೆ ಹೋಯಿತು, ತೋಟ ಹೋಯಿತು, ಗದ್ದೆಯ ಮೇಲೆ ಕಲ್ಲುಮಣ್ಣು ಕೂತಿತು. ಒಂದು ತಲೆಮಾರು ಬೆಳೆಸಿದ ಕಾಫಿ ಗಿಡ ಒಂದು ರಾತ್ರಿಯಲ್ಲಿ ಹಳ್ಳದ ಪಾಲಾದರೆ ಆ ಮನೆಯ ಗತಿ ಏನು? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು 2014ರಿಂದ ಭೂಕುಸಿತದ ಭಯವಿರುವ ಜಾಗಗಳ ನಕ್ಷೆ ಬರೆಯುತ್ತ ಬಂದಿದ್ದಾರೆ. ಆದರೆ ಆ ನಕ್ಷೆಯಲ್ಲಿ 1 ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಯಾವ ಗುಡ್ಡಸಾಲು ಭಯದ್ದು ಎಂದು ಅದು ಹೇಳುತ್ತದೆ. ನಿಮ್ಮ ಮನೆಯ ಹಿಂದಿನ ಧರೆಯ ವಿಷಯ ಹೇಳಲಾರದು.

ಮೇಲಿನ ಕಣ್ಣಿಗೆ ಕಾಣದ್ದು ಇನ್ನೂ ಉಂಟು. ನಮ್ಮ ಕಾಫಿ ನೆರಳಿನ ಬೆಳೆ. ಮೇಲೆ ಅತ್ತಿ, ಹಲಸು, ಸಿಲ್ವರ್ ಓಕ್, ಕೆಳಗೆ ಕಾಫಿ. ಉಪಗ್ರಹಕ್ಕೆ ಕಾಣುವುದು ಮರದ ತಲೆ ಮಾತ್ರ. ಕಾಡು ಯಾವುದು, ತೋಟ ಯಾವುದು ಎಂದೇ ಎಷ್ಟೋ ಸಲ ಅದಕ್ಕೆ ಗೊಂದಲ. ನೆರಳಿನ ಕೆಳಗೆ ನೆಲ ತರಗೆಲೆ ಹೊದ್ದಿದೆಯೋ, ಅಗತೆ ಮಾಡಿ ಬೋಳಾಗಿದೆಯೋ ಅದಕ್ಕೆ ತಿಳಿಯದು. ಮಣ್ಣು ಕೊಚ್ಚುವ ಜೂನ್, ಜುಲೈ, ಆಗಸ್ಟಿನಲ್ಲಿ ನಮ್ಮ ಗುಡ್ಡಗಳ ಮೇಲೆ ಮೋಡ ಹಾಸಿರುತ್ತದೆ. ಮೋಡದೊಳಗಿಂದಲೂ ನೋಡುವ ರಾಡಾರ್ ಉಪಗ್ರಹಗಳನ್ನು ಇಸ್ರೋ 2012ರಲ್ಲಿ, 2022ರಲ್ಲಿ ಹಾರಿಸಿದ್ದು ನಿಜ. ಅವು ಬಹಳ ಉಪಕಾರಿ. ಆದರೂ ಮುಚ್ಚಿಹೋದ ಮೋರಿ, ಹೊಸದಾಗಿ ಬಿರುಕು ಬಿಟ್ಟ ಧರೆ, ಇದ್ದಕ್ಕಿದ್ದಂತೆ ಕೆಸರಾಗಿ ಹೊರಟ ಒರತೆ, ಇವನ್ನು ಮೊದಲು ಕಾಣುವುದು ನಿಮ್ಮ ಕಣ್ಣು.

ಆದ್ದರಿಂದ ಮೇಲಿನ ಕಣ್ಣೂ ಬೇಕು, ಕೆಳಗಿನ ಕಣ್ಣೂ ಬೇಕು. ಗಂಟು ಹಾಕಿಕೊಂಡ ಮಾತನ್ನು ಈಗ ಬಿಚ್ಚಿ. ಅಣೆಕಟ್ಟಿಗಾಗಿ ಬರೆದ ನಕ್ಷೆ ಅಣೆಕಟ್ಟಿನ ಹೂಳಿನ ಲೆಕ್ಕ ಹೇಳುತ್ತದೆ. ನಮ್ಮ ತೋಟದ ಮಣ್ಣು, ನಮ್ಮ ಗದ್ದೆಯ ಒರತೆ, ನಮ್ಮ ಮನೆಯ ಹಿಂದಿನ ಧರೆ ಎಂಬ ಪ್ರಶ್ನೆಯನ್ನು ನಾವೇ ಕೇಳದಿದ್ದರೆ ಅದು ನಕ್ಷೆಯೊಳಗೆ ಬರುವುದು ಹೇಗೆ? ಸರದಿಯನ್ನು ನೆಲ ಹೇಳಬೇಕು. ಯಾರ ಗಂಟಲು ದೊಡ್ಡದೋ ಅವರು ಹೇಳಬಾರದು.

ಹಾಗಾದರೆ ನಾವು ಮಾಡುವುದೇನು ಅಂತೀರಾ? ಮೂರು ಕೆಲಸ ಹೇಳುತ್ತೇನೆ.

ಒಂದು: ಗ್ರಾಮಸಭೆಯಲ್ಲಿ ಜಲಾನಯನದ ಕೆಲಸದ ಮಾತು ಬಂದಾಗ ನಕ್ಷೆಯನ್ನು ತೋರಿಸಿ ಎಂದು ಕೇಳಿ. ನಮ್ಮ ಹಳ್ಳದ ಸರದಿ ಎಷ್ಟನೆಯದು, ಏಕೆ ಎಂದು ಕೇಳಿ. ಎಲ್ಲ ಹಳ್ಳ ಬರೆದಿದ್ದಾರೋ, ಒಂದೆರಡು ಬಿಟ್ಟುಹೋಗಿವೆಯೋ ನೋಡಿ. ಓದು ಬಲ್ಲ ಮಕ್ಕಳು ಮನೆಯಲ್ಲಿದ್ದರೆ, ದೂರಸಂವೇದಿ ಕೇಂದ್ರದ ದಿಶಾಂಕ್ ಎಂಬ ಮೊಬೈಲ್ ಆ್ಯಪಿನಲ್ಲಿ ಸರ್ವೆ ನಂಬರನ್ನು, ಇಸ್ರೋದ ಭುವನ್ ತಾಣದಲ್ಲಿ ಉಪಗ್ರಹದ ಚಿತ್ರವನ್ನು ತೋರಿಸುತ್ತಾರೆ. ಅವರನ್ನು ಕೂರಿಸಿಕೊಂಡು ನಿಮ್ಮ ಹಳ್ಳದ ನೆತ್ತಿ ಎಲ್ಲಿದೆ, ಬಾಯಿ ಎಲ್ಲಿದೆ ಎಂದು ಗುರುತು ಹಿಡಿಯಿರಿ.

ಎರಡು: ಒಬ್ಬರ ತೋಟದಲ್ಲಿ ಕೆಲಸ ಮುಗಿಯುವುದಿಲ್ಲ. ನೆತ್ತಿಯಿಂದ ಶುರು ಮಾಡಿ ಕೆಳಗಿಳಿಯಬೇಕು. ಮೇಲಿನವರು ನೀರನ್ನು ಬೇಕಾಬಿಟ್ಟಿ ಬಿಟ್ಟರೆ ಕೆಳಗಿನವರ ತಡೆಗೋಡೆ ಎಷ್ಟು ದಿನ ನಿಂತೀತು? ಒಂದು ಹಳ್ಳದ ಒಕ್ಕಲೆಲ್ಲ, ದೊಡ್ಡ ತೋಟದವರು, ಸಣ್ಣ ಹಿಡುವಳಿದಾರರು, ಲೈನಿನಲ್ಲಿರುವ ಕೂಲಿಯವರು ಕೂಡ, ಒಮ್ಮೆ ಕೂತು ಮಾತಾಡಬೇಕು. ಧರೆಯ ಕೆಳಗೆ ಮನೆಯಿರುವುದು ಬಹಳ ಸಲ ಅವರದೇ.

ಮೂರು: ಸರದಿ ಬರುವವರೆಗೆ ಕೈಕಟ್ಟಿ ಕೂರಬೇಡಿ. ಇಳಿಜಾರಿಗೆ ಅಡ್ಡಲಾಗಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆಯಿರಿ. ಮಳೆಗೆ ಮುಂಚೆ ಕಳೆಯನ್ನು ಕತ್ತಿಯಿಂದ ಸವರಿ. ಕಡಿದಾದ ಕಡೆ ನೆಲ ಅಗೆಯಬೇಡಿ. ತರಗೆಲೆಗೆ ಬೆಂಕಿ ಇಡಬೇಡಿ. ಹಳ್ಳದ ಅಂಚಿನ ಮರ ಕಡಿಯಬೇಡಿ. ಮೋರಿ, ಬಸಿಗಾಲುವೆಗಳನ್ನು ಮೇ ತಿಂಗಳಲ್ಲೇ ಬಿಡಿಸಿ. ಆದರೆ ಒಂದು ಎಚ್ಚರ: ಬಿರುಕು ಬಿಟ್ಟ ಗುಡ್ಡದ ಮೇಲೆ ಇಂಗುಗುಂಡಿ ತೆಗೆದು ನೀರು ನಿಲ್ಲಿಸಬಾರದು, ಅಲ್ಲಿ ನೀರನ್ನು ಪಕ್ಕಕ್ಕೆ ಹಾಯಿಸಬೇಕು. ಯಂತ್ರ ತಂದು ಧರೆಯನ್ನು ನೆಟ್ಟಗೆ ಕೊರೆಯುವ ಮುಂಚೆ ಬಲ್ಲವರನ್ನು ಕೇಳಿ.

ಲ್ಯಾಂಬ್ಟನ್ನನ ಸರಪಣಿಯಿಂದ ಇಂದಿನ ಉಪಗ್ರಹದವರೆಗೆ 200 ವರ್ಷಕ್ಕೂ ಮಿಕ್ಕಿ ನಮ್ಮ ಗುಡ್ಡಗಳನ್ನು ಅಳೆದವರು ಬಹುಮಟ್ಟಿಗೆ ಹೊರಗಿನವರು. ಅವರ ಅಳತೆ ನಮಗೆ ಬೇಕು. ಆದರೆ ಯಾವ ತಿರುವಿನಲ್ಲಿ ಹಳ್ಳ ಉಕ್ಕುತ್ತದೆ, ಯಾವ ಧರೆ ಹೋದ ಮಳೆಯಲ್ಲಿ ಒಂದು ಗೇಣು ಜಾರಿತು ಎಂಬ ಲೆಕ್ಕ ನಿಮ್ಮಲ್ಲಿದೆ. ಬರುವ ಗ್ರಾಮಸಭೆಗೆ ಆ ಲೆಕ್ಕವನ್ನು ಬರೆದುಕೊಂಡೇ ಹೋಗಿ.